‘ನಮ್ಮ ಗ್ಯಾಲಕ್ಸಿಯ ಫೋಟೊ’ ಎಂದು ಬರುವ ಚಿತ್ರ ನಿಜಕ್ಕೂ ಯಾವುದರದ್ದು?

ಫಾರ್ವರ್ಡ್ ಹೇಳುವುದು: ನಾಸಾ ನಮ್ಮ ಗ್ಯಾಲಕ್ಸಿಯನ್ನು ಹೊರಗಿನಿಂದ ಫೋಟೊ ತೆಗೆದಿದೆ. ಬಾಣದ ಗುರುತು ಇರುವಲ್ಲಿ ನಾವಿದ್ದೇವೆ.

ನಿಜ ಸಂಗತಿ: ನಮ್ಮ ಗ್ಯಾಲಕ್ಸಿಯಿಂದ ಹೊರಗೆ ಹೋಗಿ ಫೋಟೊ ತೆಗೆದವರು ಯಾರೂ ಇಲ್ಲ. ಹರಿದಾಡುತ್ತಿರುವುದು ಒಂದೋ ಬೇರೆ ಗ್ಯಾಲಕ್ಸಿಯ ಫೋಟೊ, ಇಲ್ಲವೇ ಕಲಾವಿದರು ಬಿಡಿಸಿದ ಚಿತ್ರ.

ಈ ಚಿತ್ರ ನಿಮಗೂ ಬಂದಿರುತ್ತದೆ. ಕಪ್ಪು ಹಿನ್ನೆಲೆ, ನಡುವೆ ಹಳದಿ ಬೆಳಕಿನ ಉದ್ದನೆಯ ಪಟ್ಟಿ, ಆ ಪಟ್ಟಿಯ ಎರಡೂ ತುದಿಯಿಂದ ಹೊರಟು ಸುತ್ತಿಕೊಂಡ ನೀಲಿ ತೋಳುಗಳು, ಒಂದು ತೋಳಿನ ಮೇಲೆ ಕೆಂಪು ಬಾಣ, ‘ನೀವು ಇಲ್ಲಿದ್ದೀರಿ’. ಕೆಳಗೆ ಮನುಷ್ಯನ ಅಹಂಕಾರ ಎಷ್ಟು ಸಣ್ಣದು ಎಂಬ ನಾಲ್ಕು ಸಾಲು, ಕೈಮುಗಿದ ಎಮೋಜಿ, ಶುಭೋದಯ. ಬೆಳಗಾವಿ ಮತ್ತು ಖಾನಾಪುರದ ಓದುಗರು ಇದನ್ನು ನಮಗೆ ಕಳಿಸಿ ಕೇಳಿದ್ದು ಒಂದೇ ಮಾತು: ಇದು ಖರೆನಾ? ಅಹಂಕಾರದ ಸಾಲುಗಳ ಬಗ್ಗೆ ನಮಗೆ ತಕರಾರಿಲ್ಲ. ಫೋಟೊದ ಬಗ್ಗೆ ಇದೆ.

ಪ್ರಶ್ನೆ ಕೇಳಿದವರ ಊರಿನ ಲೆಕ್ಕದಲ್ಲೇ ಉತ್ತರ ಹುಡುಕೋಣ. ಸೂರ್ಯನಿಂದ ನಮ್ಮ ಗ್ಯಾಲಕ್ಸಿಯ, ಅಂದರೆ ಕ್ಷೀರಪಥದ, ಕೇಂದ್ರಕ್ಕೆ ಸುಮಾರು 26,000 ಬೆಳಕಿನ ವರ್ಷ. ಬೆಳಗಾವಿಯಿಂದ ಖಾನಾಪುರಕ್ಕೆ ರಸ್ತೆಯಲ್ಲಿ ಹೆಚ್ಚೂಕಡಿಮೆ 26 ಕಿಲೋಮೀಟರ್. ಒಂದು ಬೆಳಕಿನ ವರ್ಷವೆಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಸುಮಾರು 9.5 ಲಕ್ಷ ಕೋಟಿ ಕಿಲೋಮೀಟರ್. ಅಷ್ಟು ದೂರವನ್ನು ಒಂದೇ ಒಂದು ಮೀಟರ್‌ಗೆ ಇಳಿಸಿಬಿಟ್ಟರೆ ನಮ್ಮ ನಕ್ಷೆ ಸಿದ್ಧ. ಸೂರ್ಯ ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ, ಗ್ಯಾಲಕ್ಸಿಯ ಕೇಂದ್ರ ಖಾನಾಪುರದಲ್ಲಿ.

ಈ ನಕ್ಷೆಯಲ್ಲಿ ನಮ್ಮ ಇಡೀ ಸೌರಮಂಡಲ, ನೆಪ್ಚೂನ್‌ವರೆಗೂ ಸೇರಿಸಿ, ಒಂದು ಸಾಸಿವೆ ಕಾಳಿನೊಳಗೆ ಹಿಡಿಸುತ್ತದೆ. ಸೂರ್ಯನ ನಂತರ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ನಾಲ್ಕು ಮೀಟರ್ ಚಿಲ್ಲರೆ ದೂರದಲ್ಲಿ. ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುವ ನಕ್ಷತ್ರಗಳಲ್ಲಿ ಬಹುಪಾಲು ಬೆಳಗಾವಿ ನಗರದ ಒಳಗೇ ಇರುತ್ತವೆ. ಆದರೆ ಗ್ಯಾಲಕ್ಸಿಯ ತಟ್ಟೆ ಖಾನಾಪುರದ ಸುತ್ತ ಎಲ್ಲ ದಿಕ್ಕಿಗೂ 50 ಕಿಲೋಮೀಟರ್ ಹರಡಿದೆ. ಪಶ್ಚಿಮಕ್ಕೆ ಘಟ್ಟ ಇಳಿದು ಗೋವಾದ ವಾಳ್ಪೈ ಅದರೊಳಗೆ ಬರುತ್ತದೆ. ಪೂರ್ವಕ್ಕೆ ಧಾರವಾಡ ಸ್ವಲ್ಪದರಲ್ಲಿ ಹೊರಗೆ ಉಳಿಯುತ್ತದೆ. ಇಷ್ಟು ಅಗಲದ ತಟ್ಟೆಯ ದಪ್ಪ ಮಾತ್ರ ಸುಮಾರು ಒಂದು ಕಿಲೋಮೀಟರ್. ಇದರಲ್ಲಿ 10,000 ಕೋಟಿಯಿಂದ 40,000 ಕೋಟಿ ನಕ್ಷತ್ರಗಳಿವೆ ಎಂಬುದು ಖಗೋಳ ವಿಜ್ಞಾನಿಗಳ ಅಂದಾಜು.

ಈಗ ಕ್ಯಾಮೆರಾ ಎಲ್ಲಿದೆ ನೋಡಿ. ಮನುಷ್ಯ ಕಳಿಸಿದ ವಸ್ತುಗಳಲ್ಲಿ ಅತಿ ದೂರ ಹೋಗಿರುವುದು ವಾಯೇಜರ್ 1. 1977ರಲ್ಲಿ ಹೊರಟಿತು. ಸುಮಾರು ಅರ್ಧ ಶತಮಾನ ಒಂದೇ ಸಮ ಓಡಿ ಅದು ದಾಟಿದ್ದು ಹೆಚ್ಚೂಕಡಿಮೆ ಬೆಳಕು ಒಂದು ದಿನದಲ್ಲಿ ಸಾಗುವಷ್ಟು ದೂರ. ನಮ್ಮ ನಕ್ಷೆಯಲ್ಲಿ ಅದು ಚನ್ನಮ್ಮ ವೃತ್ತದ ಸಾಸಿವೆ ಕಾಳಿನಿಂದ ಮೂರು ಮಿಲಿಮೀಟರ್ ಕೂಡ ಸರಿದಿಲ್ಲ. ತಟ್ಟೆ ಇಡಿಯಾಗಿ ಚೌಕಟ್ಟಿನೊಳಗೆ ಬರಬೇಕೆಂದರೆ ಕ್ಯಾಮೆರಾ ಹತ್ತಾರು ಕಿಲೋಮೀಟರ್ ಮೇಲೇರಬೇಕು. ವಾಯೇಜರ್‌ನ ವೇಗದಲ್ಲಿ ಈ ನಕ್ಷೆಯ ಒಂದು ಮೀಟರ್ ದಾಟಲು 17,000 ವರ್ಷಕ್ಕಿಂತ ಹೆಚ್ಚು ಬೇಕು. ಹೇಗೋ ಅಲ್ಲಿಗೆ ತಲುಪಿತು ಅಂತಲೇ ಇಟ್ಟುಕೊಳ್ಳಿ, ತೆಗೆದ ಫೋಟೊ ರೇಡಿಯೊ ಸಂಕೇತವಾಗಿ ನಮಗೆ ಬರಲು ಮತ್ತೆ ಹತ್ತಾರು ಸಾವಿರ ವರ್ಷ.

ಆದ್ದರಿಂದ ‘ಹೊರಗಿನಿಂದ ತೆಗೆದ ನಮ್ಮ ಗ್ಯಾಲಕ್ಸಿಯ ಫೋಟೊ’ ಎಂದು ಯಾವುದೇ ಚಿತ್ರ ಬಂದರೂ, ಚಿತ್ರ ಪೂರ್ತಿ ತೆರೆದುಕೊಳ್ಳುವ ಮೊದಲೇ ನೀವು ಅದನ್ನು ಸುಳ್ಳು ಎನ್ನಬಹುದು.

ಹಾಗಾದರೆ ಆ ಚಿತ್ರ ಯಾವುದು?

ಬಾಣದ ಗುರುತಿನೊಂದಿಗೆ ಹೆಚ್ಚು ಓಡಾಡುವುದು ನಾಸಾಕ್ಕಾಗಿ ರಾಬರ್ಟ್ ಹರ್ಟ್ ಎಂಬ ಚಿತ್ರಕಾರ ವಿಜ್ಞಾನಿ 2008ರಲ್ಲಿ ರೂಪಿಸಿದ ಕಲ್ಪನಾ ಚಿತ್ರ. ಮನಸ್ಸಿಗೆ ಬಂದಂತೆ ಬಿಡಿಸಿದ್ದಲ್ಲ, ಆವರೆಗಿನ ಅಳತೆಗಳನ್ನು ಆಧರಿಸಿದ್ದು. ಆದರೆ ಫೋಟೊ ಅಲ್ಲ. ನಾಸಾ ಅದನ್ನು ಕಲಾವಿದರ ಚಿತ್ರ ಎಂದೇ ಪ್ರಕಟಿಸಿತು. ಆ ಒಂದು ಸಾಲು ಮೊಬೈಲಿನಿಂದ ಮೊಬೈಲಿಗೆ ಹಾರುವಾಗ ಎಲ್ಲೋ ಬಿದ್ದುಹೋಯಿತು, ಅಷ್ಟೇ.

ಬಾಣವಿಲ್ಲದೆ ಬರುವ ಚಿತ್ರಗಳು ಬಹುತೇಕ ನಿಜವಾದ ಫೋಟೊಗಳೇ. ಆದರೆ ಪಕ್ಕದ ಮನೆಯವರ ಫೋಟೊ. ಎಲ್ಲಕ್ಕಿಂತ ಸುಂದರವಾದದ್ದು, ಹಾಗಾಗಿಯೇ ಎಲ್ಲಕ್ಕಿಂತ ಹೆಚ್ಚು ದುರ್ಬಳಕೆಯಾಗುವುದು, ಎನ್‌ಜಿಸಿ 1300. ಹಬಲ್ ದೂರದರ್ಶಕ ತೆಗೆದ ಈ ಫೋಟೊ 2005ರ ಜನವರಿಯಲ್ಲಿ ಹೊರಬಂತು. ಅದು ಇರುವುದು 6 ಕೋಟಿಗೂ ಹೆಚ್ಚು ಬೆಳಕಿನ ವರ್ಷ ದೂರದಲ್ಲಿ. ಇನ್ನೊಂದು ಎನ್‌ಜಿಸಿ 6744, ಸುಮಾರು 3 ಕೋಟಿ ಬೆಳಕಿನ ವರ್ಷ ದೂರದ್ದು. ಮೂರನೆಯದು ಯುಜಿಸಿ 12158, ಸುಮಾರು 40 ಕೋಟಿ ಬೆಳಕಿನ ವರ್ಷ ದೂರದ್ದು. ಕೊನೆಯ ಎರಡನ್ನು ಖಗೋಳ ವಿಜ್ಞಾನಿಗಳೇ ‘ನಮ್ಮ ಕ್ಷೀರಪಥವನ್ನು ಹೋಲುವಂಥವು’ ಎಂದು ಪರಿಚಯಿಸಿದ್ದಾರೆ. ‘ಹೋಲುವ’ ಎಂಬ ಪದ ಉದುರಿದರೆ ಸಾಕು, ಫಾರ್ವರ್ಡ್ ತಯಾರು.

‘ಈ ಬಣ್ಣಗಳೆಲ್ಲ ಕಂಪ್ಯೂಟರಿನಲ್ಲಿ ಹಾಕಿದ್ದು, ಆದ್ದರಿಂದ ನಾಸಾದ ಎಲ್ಲ ಫೋಟೊಗಳೂ ಸುಳ್ಳು’ ಎಂಬ ಎದುರು ಫಾರ್ವರ್ಡ್ ಕೂಡ ಒಂದಿದೆ. ಅದು ಅರ್ಧ ನಿಜದಿಂದ ಪೂರ್ತಿ ಸುಳ್ಳಿಗೆ ಜಿಗಿಯುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಅಥವಾ ನೇರಳಾತೀತ ಬೆಳಕಿನಲ್ಲಿ ತೆಗೆದ ಚಿತ್ರಕ್ಕೆ ನಮಗೆ ಕಾಣುವ ಬಣ್ಣ ಕೊಡಲೇಬೇಕಾಗುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ ಕಾಣುತ್ತದೆ ಎಂದು ಮೂಳೆ ಮುರಿದದ್ದು ಸುಳ್ಳಾಗುವುದಿಲ್ಲವಲ್ಲ.

ನಡುವಿನ ಆ ಪಟ್ಟಿ ಏನು?

ಈ ಚಿತ್ರಗಳಿಗೆಲ್ಲ ಒಂದು ಸಮಾನ ಲಕ್ಷಣವಿದೆ. ಸುರುಳಿಯ ತೋಳುಗಳು ನಡುವಿನ ಗುಂಡಗಿನ ಬೆಳಕಿನಿಂದ ನೇರವಾಗಿ ಹೊರಡುವುದಿಲ್ಲ, ಒಂದು ಉದ್ದ ಪಟ್ಟಿಯ ತುದಿಗಳಿಂದ ಹೊರಡುತ್ತವೆ. ಇಂಥವನ್ನು ಬಾರ್ಡ್ ಸ್ಪೈರಲ್, ಅಂದರೆ ಪಟ್ಟಿ ಇರುವ ಸುರುಳಿ ಗ್ಯಾಲಕ್ಸಿ ಎನ್ನುತ್ತಾರೆ. ಎಡ್ವಿನ್ ಹಬಲ್ 1926ರಲ್ಲಿ ಗ್ಯಾಲಕ್ಸಿಗಳನ್ನು ಆಕಾರದ ಮೇಲೆ ವಿಂಗಡಿಸಿದಾಗಲೇ ಇವಕ್ಕೆ ಬೇರೆ ಸಾಲು ಕೊಟ್ಟಿದ್ದರು. ಇವು ಅಪರೂಪದವೇನಲ್ಲ. ಅವಕೆಂಪು ಬೆಳಕಿನಲ್ಲಿ ನೋಡಿದರೆ ನಮ್ಮ ಸುತ್ತಲಿನ ಸುರುಳಿ ಗ್ಯಾಲಕ್ಸಿಗಳಲ್ಲಿ ಸುಮಾರು ಮೂರರಲ್ಲಿ ಎರಡಕ್ಕೆ ಪಟ್ಟಿ ಇದೆ.

ಪಟ್ಟಿ ಎಂದರೆ ಗಟ್ಟಿಯಾದ ಕೋಲು ಅಂದುಕೊಳ್ಳಬೇಡಿ. ಕೋಟಿಗಟ್ಟಲೆ ನಕ್ಷತ್ರಗಳು ಗುಂಡಗಿನ ಹಾದಿ ಬಿಟ್ಟು ಉದ್ದುದ್ದ ಹಾದಿಯಲ್ಲಿ ಸುತ್ತುತ್ತವೆ, ಆ ಹಾದಿಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಂತಾಗ ದೂರದಿಂದ ನೋಡುವವರಿಗೆ ಪಟ್ಟಿಯಂತೆ ಕಾಣುತ್ತದೆ. ಚೋರ್ಲಾ ಘಾಟಿನಲ್ಲಿ ಗೋವಾ ಕಡೆ ಹೋದವರಿಗೆ ಇದು ಸುಲಭ. ಭಾರ ಹೊತ್ತ ಒಂದು ಲಾರಿ ತೆವಳುತ್ತಿದ್ದರೆ ಹಿಂದೆ ಇಪ್ಪತ್ತು ವಾಹನಗಳ ಗುಂಪು. ಮುಂದಿನ ಕಾರು ಹೇಗೋ ಸಂದಿ ನೋಡಿ ಪಾರಾಗುತ್ತದೆ, ಹಿಂದಿನಿಂದ ಇನ್ನೊಂದು ಬಂದು ಸೇರುತ್ತದೆ. ಕಾರುಗಳು ಬದಲಾಗುತ್ತವೆ, ಗುಂಪು ಉಳಿಯುತ್ತದೆ. ಸುರುಳಿಯ ತೋಳುಗಳೂ ಬಹುಮಟ್ಟಿಗೆ ಇಂಥ ಗುಂಪುಗಳೇ.

ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು, ಖಾದಿ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಹಾಗಾಗಿ ಕುಂಬಾರನ ಚಕ್ರದ ಹೋಲಿಕೆಯನ್ನೂ ಕೊಡಬಹುದು, ಒಂದು ಎಚ್ಚರಿಕೆಯೊಂದಿಗೆ. ಕುಂಬಾರನ ಚಕ್ರದಲ್ಲಿ ನಡುವಿನ ಮಣ್ಣೂ ಅಂಚೂ ಒಂದೇ ಹೊತ್ತಿಗೆ ಒಂದು ಸುತ್ತು ಮುಗಿಸುತ್ತವೆ. ಗ್ಯಾಲಕ್ಸಿಯ ತಟ್ಟೆ ಹಾಗಲ್ಲ, ಒಳಗಿನವು ಬೇಗ ಸುತ್ತು ಮುಗಿಸುತ್ತವೆ, ಹೊರಗಿನವು ಹಿಂದೆ ಬೀಳುತ್ತವೆ. ನಮ್ಮ ಸೂರ್ಯನಿಗೆ ಒಂದು ಸುತ್ತಿಗೆ ಸುಮಾರು 23 ಕೋಟಿ ವರ್ಷ. ಆದರೆ ಪಟ್ಟಿಯ ಆಕಾರ ಮಾತ್ರ ಚಕ್ರದ ಮೇಲೆ ಇಟ್ಟ ಕಡ್ಡಿಯಂತೆ ಇಡಿಯಾಗಿ ತಿರುಗುತ್ತದೆ. ಅದರ ಈ ತಿರುಗುವಿಕೆಯೇ ಮುಂದಿನ ಕಥೆಗೆಲ್ಲ ಕಾರಣ.

ನಕ್ಷತ್ರಗಳ ನಡುವೆ ಅನಿಲ ಮತ್ತು ಧೂಳು ಇದೆ, ಮುಖ್ಯವಾಗಿ ಹೈಡ್ರೋಜನ್. ಅದು ತಣ್ಣಗಾಗಿ ಒತ್ತೊತ್ತಾಗಿ ಸೇರಿ ತನ್ನ ತೂಕಕ್ಕೆ ತಾನೇ ಕುಸಿದಾಗ ನಕ್ಷತ್ರ ಹುಟ್ಟುತ್ತದೆ. ಪಟ್ಟಿ ತಿರುಗುವಾಗ ಅದರ ಗುರುತ್ವ ಈ ಅನಿಲವನ್ನು ಕೆದಕುತ್ತದೆ. ಅನಿಲ ಪಟ್ಟಿಯ ಅಂಚಿನಲ್ಲಿ ಒಂದಕ್ಕೊಂದು ಡಿಕ್ಕಿಯಾಗಿ ವೇಗ ಕಳೆದುಕೊಂಡು ಒಳಗೆ ಜಾರುತ್ತದೆ. ಫೋಟೊಗಳಲ್ಲಿ ಪಟ್ಟಿಯ ಉದ್ದಕ್ಕೂ ಕಾಣುವ ಕಂದು ಗೆರೆಗಳು ಹೀಗೆ ಜಾರುತ್ತಿರುವ ಧೂಳು ಮತ್ತು ಅನಿಲವೇ. ಕೊನೆಗೆ ಅದು ಕೇಂದ್ರದ ಸುತ್ತ ಉಂಗುರದಂತೆ ಕೂಡಿಕೊಳ್ಳುತ್ತದೆ, ಅಲ್ಲಿ ಹೊಸ ನಕ್ಷತ್ರಗಳು ಒಮ್ಮೆಗೇ ಹುಟ್ಟತೊಡಗುತ್ತವೆ. ಕನಕುಂಬಿಯಲ್ಲಿ ಸುರಿದ ಮಳೆ ಇಳಿಜಾರು ಹಿಡಿದು ಮಲಪ್ರಭೆಗೆ ಸೇರುವಂತೆ.

ಬೆಂಗಳೂರಿನ ವಿಜ್ಞಾನಿಗಳು ಕಂಡದ್ದು

ಇಳಿಜಾರಿನ ನೀರೆಲ್ಲ ಹೊಳೆಗೆ ಹೋದರೆ ಇಳಿಜಾರು ಒಣಗಬೇಕಲ್ಲವೇ? ಇದನ್ನು ಪರೀಕ್ಷಿಸಿದವರಲ್ಲಿ ನಮ್ಮ ರಾಜ್ಯದ ಸಂಸ್ಥೆಯವರೂ ಇದ್ದಾರೆ. ಫಾರ್ವರ್ಡ್‌ಗಳಲ್ಲಿ ಇದು ಬರುವುದೇ ಇಲ್ಲ, ನಮಗೆ ಬೇಸರ ತರಿಸುವ ಸಂಗತಿ ಅದು.

2015ರ ಸೆಪ್ಟೆಂಬರ್ 28ರಂದು ಇಸ್ರೊ ಶ್ರೀಹರಿಕೋಟಾದಿಂದ ಆಸ್ಟ್ರೋಸ್ಯಾಟ್ ಉಪಗ್ರಹವನ್ನು ಹಾರಿಸಿತು. ಸುಮಾರು 650 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಈ ಉಪಗ್ರಹದಲ್ಲಿ ಯುವಿಐಟಿ ಎಂಬ ನೇರಳಾತೀತ ದೂರದರ್ಶಕವಿದೆ. ಅದರ ನಿರ್ಮಾಣದ ಮುಂದಾಳತ್ವ ವಹಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಜೋಡಣೆ ನಡೆದದ್ದು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿರುವ ಸಂಸ್ಥೆಯ ಪ್ರಯೋಗಾಲಯದಲ್ಲಿ. ನೇರಳಾತೀತ ಬೆಳಕನ್ನೇ ಏಕೆ ಹಿಡಿಯಬೇಕು? ದೊಡ್ಡ ನಕ್ಷತ್ರಗಳು ಹುಟ್ಟಿದ ಹೊಸದರಲ್ಲಿ ವಿಪರೀತ ಬಿಸಿ, ಅವು ಹೆಚ್ಚಾಗಿ ಚೆಲ್ಲುವುದು ನೇರಳಾತೀತ ಬೆಳಕು. ಅವುಗಳ ಆಯಸ್ಸೂ ಕಡಿಮೆ, ಕೆಲವು ದಶಲಕ್ಷ ವರ್ಷಗಳಲ್ಲಿ ಮುಗಿಯುತ್ತದೆ. ಹಾಗಾಗಿ ನೇರಳಾತೀತದಲ್ಲಿ ಹೊಳೆಯುವ ಜಾಗವೆಂದರೆ ಇತ್ತೀಚೆಗೆ ಹೆರಿಗೆಯಾದ ಮನೆ. ಭೂಮಿಯ ಓಝೋನ್ ಆ ಬೆಳಕನ್ನು ತಡೆಯುವುದರಿಂದ ದೂರದರ್ಶಕ ಬಾಹ್ಯಾಕಾಶಕ್ಕೇ ಹೋಗಬೇಕು.

ಸಿಂಹ ರಾಶಿಯಲ್ಲಿ, ಸುಮಾರು 3.3 ಕೋಟಿ ಬೆಳಕಿನ ವರ್ಷ ದೂರದಲ್ಲಿ, ಎಂ95 ಎಂಬ ಪಟ್ಟಿ ಇರುವ ಸುರುಳಿ ಗ್ಯಾಲಕ್ಸಿ ಇದೆ. 1781ರಲ್ಲಿ ಪಿಯರ್ ಮೆಶೇನ್ ಕಂಡುಹಿಡಿದದ್ದು. ಅದರ ನೇರಳಾತೀತ ಚಿತ್ರಗಳನ್ನು ಬೇರೆ ದೂರದರ್ಶಕಗಳ ಮಾಹಿತಿಯೊಂದಿಗೆ ಸೇರಿಸಿ ಕೋಶಿ ಜಾರ್ಜ್ ಮತ್ತು ಸಂಗಡಿಗರು 2019ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಕಂಡದ್ದು ಹೀಗೆ: ನಟ್ಟನಡುವೆ ನಕ್ಷತ್ರಗಳು ಜೋರಾಗಿ ಹುಟ್ಟುತ್ತಿರುವ ಪುಟ್ಟ ಉಂಗುರ. ಹೊರಗೆ ಪಟ್ಟಿಯ ತುದಿಯಿಂದಾಚೆ ಮತ್ತೆ ಹೊಸ ನಕ್ಷತ್ರಗಳು. ಇವೆರಡರ ನಡುವೆ, ಪಟ್ಟಿ ಹಾದುಹೋಗುವ ಇಡೀ ಪ್ರದೇಶದಲ್ಲಿ, ಹೊಸ ನಕ್ಷತ್ರಗಳೂ ಇಲ್ಲ, ಅವು ಹುಟ್ಟಲು ಬೇಕಾದ ಅನಿಲವೂ ಇಲ್ಲ. ಪಟ್ಟಿ ತನ್ನ ಹಾದಿಯ ಅನಿಲವನ್ನೆಲ್ಲ ಗುಡಿಸಿ ನಡುವಿಗೆ ಹಾಕಿತ್ತು. ಅಂದರೆ ಪಟ್ಟಿ ಒಂದು ಕಡೆ ನಕ್ಷತ್ರ ಹುಟ್ಟಿಸುತ್ತದೆ, ಇನ್ನೊಂದು ಕಡೆ ಹುಟ್ಟದಂತೆ ಮಾಡುತ್ತದೆ.

ಇದೇ ಎಂ95ರಲ್ಲಿ 2012ರ ಮಾರ್ಚ್‌ನಲ್ಲಿ ಒಂದು ದೊಡ್ಡ ನಕ್ಷತ್ರ ಸ್ಫೋಟಿಸಿ ಸೂಪರ್‌ನೋವಾ ಆಯಿತು. ಬೇಗ ಸಾಯುವ ಇಂಥ ನಕ್ಷತ್ರಗಳು ಸಿಗುವುದು ಹೊಸ ಹುಟ್ಟು ನಡೆಯುತ್ತಿರುವ ಗ್ಯಾಲಕ್ಸಿಯಲ್ಲೇ.

ನಮ್ಮದಕ್ಕೂ ಪಟ್ಟಿ ಇದೆ ಎಂದು ಒಳಗೇ ಕುಳಿತು ತಿಳಿದದ್ದು ಹೇಗೆ?

ಪ್ರಶ್ನೆ ಸಹಜ. ಮನೆಯೊಳಗೆ ಕುಳಿತು ಮನೆಯ ಮುಖ ನೋಡುವುದು ಹೇಗೆ? ಅದರ ಮೇಲೆ ಖಾನಾಪುರದ ದಿಕ್ಕಿನಲ್ಲಿ, ಅಂದರೆ ಗ್ಯಾಲಕ್ಸಿಯ ಕೇಂದ್ರದ ದಿಕ್ಕಿನಲ್ಲಿ, ಧೂಳಿನ ದಟ್ಟ ತೆರೆ. ಆಷಾಢದಲ್ಲಿ ಜಾಂಬೋಟಿ ರಸ್ತೆಯಲ್ಲಿ ಮಂಜು ಇಳಿದಾಗ ಎದುರಿನ ಬಸ್ಸೇ ಕಾಣದ ಹಾಗೆ.

1964ರಲ್ಲಿ ಜೆರಾರ್ ದ ವಕುಲರ್ ಎಂಬ ಖಗೋಳ ವಿಜ್ಞಾನಿ ಒಂದು ಸುಳಿವು ಹಿಡಿದರು. ನಮ್ಮ ಗ್ಯಾಲಕ್ಸಿಯ ಒಳಭಾಗದ ಅನಿಲ ಗುಂಡಗೆ ಸುತ್ತುವ ಅನಿಲದಂತೆ ಓಡುತ್ತಿಲ್ಲ, ಪಟ್ಟಿ ಇರುವ ಗ್ಯಾಲಕ್ಸಿಯಲ್ಲಿ ಓಡುವಂತೆ ಓಡುತ್ತಿದೆ ಎಂದರು. ಬಹಳ ಜನ ನಂಬಲಿಲ್ಲ. ಧೂಳನ್ನು ತೂರಿ ಬರುವ ಅವಕೆಂಪು ಬೆಳಕನ್ನು ಅಳೆಯಲು ಸಾಧ್ಯವಾದ ಮೇಲೆ, 1990ರ ದಶಕದ ಆರಂಭದಲ್ಲಿ, ಚಿತ್ರ ಬದಲಾಯಿತು. ಕೇಂದ್ರದ ಒಂದು ಬದಿ ಇನ್ನೊಂದು ಬದಿಗಿಂತ ಹೆಚ್ಚು ಹರಡಿ, ಹೆಚ್ಚು ಬೆಳಗಿ ಕಾಣುತ್ತಿತ್ತು. ಓರೆಯಾಗಿ ಹೋಗುವ ರಸ್ತೆಯ ಬೀದಿದೀಪಗಳನ್ನು ನೆನೆಯಿರಿ. ಎಲ್ಲ ಬಲ್ಬೂ ಒಂದೇ ವ್ಯಾಟ್‌ನದ್ದು, ಆದರೆ ರಸ್ತೆ ನಿಮ್ಮತ್ತ ಬರುವ ಬದಿಯವು ಪ್ರಖರ, ದೂರ ಸರಿಯುವ ಬದಿಯವು ಮಂಕು. ಬೆಳಕಿನ ಆ ವ್ಯತ್ಯಾಸದಿಂದಲೇ ರಸ್ತೆಯ ಓರೆ ಎಷ್ಟು ಎಂದು ಲೆಕ್ಕ ಹಾಕಬಹುದು. ಆಕಾಶದಲ್ಲಿ ಒಂದೇ ವ್ಯಾಟ್‌ನ ಬಲ್ಬುಗಳಂತೆ ವರ್ತಿಸುವ ಒಂದು ಬಗೆಯ ಕೆಂಪು ನಕ್ಷತ್ರಗಳಿವೆ. ಅವುಗಳ ಲೆಕ್ಕವೂ ಇದನ್ನೇ ಹೇಳಿತು.

2005ರಲ್ಲಿ ಸ್ಪಿಟ್ಜರ್ ಅವಕೆಂಪು ದೂರದರ್ಶಕದಿಂದ ಸುಮಾರು 3 ಕೋಟಿ ನಕ್ಷತ್ರಗಳ ಸಮೀಕ್ಷೆ ಮಾಡಿದವರು ಪಟ್ಟಿಯ ಉದ್ದ ಸುಮಾರು 27,000 ಬೆಳಕಿನ ವರ್ಷ ಎಂದರು. 2019ರಲ್ಲಿ ಯುರೋಪಿನ ಗಯಾ ಉಪಗ್ರಹದ ಮಾಹಿತಿಯಿಂದ ಮಾಡಿದ ನಕ್ಷೆಯಲ್ಲಿ ನಕ್ಷತ್ರಗಳ ಸಾಂದ್ರತೆಯಲ್ಲೇ ಪಟ್ಟಿ ಎದ್ದು ಕಂಡಿತು.

ಇದನ್ನು ನಮ್ಮ ನಕ್ಷೆಗೆ ಇಳಿಸೋಣ. 27,000 ಬೆಳಕಿನ ವರ್ಷವೆಂದರೆ 27 ಕಿಲೋಮೀಟರ್, ಬೆಳಗಾವಿ–ಖಾನಾಪುರ ದಾರಿಯಷ್ಟೇ ಉದ್ದ. ಆದರೆ ಅದರ ನಡುಬಿಂದು ಖಾನಾಪುರದಲ್ಲಿ. ನಮ್ಮ ದೃಷ್ಟಿಗೆ ಸುಮಾರು 30 ಡಿಗ್ರಿ ಓರೆ. ಹಾಗಾಗಿ ಹತ್ತಿರದ ತುದಿ ಖಾನಾಪುರದಿಂದ 13 ಕಿಲೋಮೀಟರ್‌ನಷ್ಟು ಈಶಾನ್ಯಕ್ಕೆ ಹಿರೇಬಾಗೇವಾಡಿಯ ಕಡೆ ಚಾಚಿದೆ, ದೂರದ ತುದಿ ಲೋಂಡಾ, ಭೀಮಗಡದ ಕಾಡಿನ ಕಡೆ.

ಹೊಸ ನಕ್ಷತ್ರಗಳು ಇಲ್ಲೂ ಹುಟ್ಟುತ್ತಿವೆ. ಇಡೀ ಕ್ಷೀರಪಥದಲ್ಲಿ ವರ್ಷಕ್ಕೆ ಒಂದೂವರೆ, ಎರಡು ಸೂರ್ಯರಷ್ಟು ತೂಕದ ಅನಿಲ ನಕ್ಷತ್ರಗಳಾಗುತ್ತಿದೆ. ಕೇಳಲು ಕಡಿಮೆ ಅನಿಸಬಹುದು, 1,000 ಕೋಟಿ ವರ್ಷಕ್ಕೆ ಗುಣಿಸಿ ನೋಡಿ. ಇಂಥ ಹೆರಿಗೆ ಮನೆಯೊಂದನ್ನು ಬೆಳಗಾವಿ ನಗರದೊಳಗಿಂದಲೇ ನೋಡಬಹುದು. ಚಳಿಗಾಲದ ರಾತ್ರಿ ಸಾಲಾಗಿ ನಿಂತ ಮೂರು ನಕ್ಷತ್ರಗಳನ್ನು ಎಲ್ಲರೂ ಬಲ್ಲಿರಿ, ಮಹಾವ್ಯಾಧನ ಸೊಂಟಪಟ್ಟಿ. ಅದರಿಂದ ನೇತಾಡುವ ಕತ್ತಿಯ ನಡುವೆ ಮಸುಕಾದ ಚುಕ್ಕೆ ಒಂದಿದೆ. ಅದೇ ಒರಾಯನ್ ನೆಬ್ಯುಲಾ, ದೂರ ಸುಮಾರು 1,350 ಬೆಳಕಿನ ವರ್ಷ. ನಮ್ಮ ನಕ್ಷೆಯಲ್ಲಿ ಚನ್ನಮ್ಮ ವೃತ್ತದಿಂದ ಒಂದೂಕಾಲು ಕಿಲೋಮೀಟರ್ ಚಿಲ್ಲರೆ. ಬೈನಾಕ್ಯುಲರ್ ಇದ್ದರೆ ಮಂಜಿನಂತೆ ಕಾಣುವುದು ನಕ್ಷತ್ರ ಹುಟ್ಟಿಸುತ್ತಿರುವ ಅನಿಲವೇ.

ಇದೇ ಗುಂಪಿನ ಇನ್ನೂ ಮೂರು ಫಾರ್ವರ್ಡ್

ಒಂದು, ‘ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ನಮ್ಮನ್ನು ನುಂಗಲಿದೆ’. ಕಪ್ಪುಕುಳಿ ಇರುವುದು ನಿಜ, ತೂಕ ಸುಮಾರು 40 ಲಕ್ಷ ಸೂರ್ಯರಷ್ಟು, ಅದರ ಚಿತ್ರ 2022ರ ಮೇ 12ರಂದು ಪ್ರಕಟವಾಯಿತು. ಆದರೆ ನಮ್ಮ ನಕ್ಷೆಯಲ್ಲಿ ಅದು ಖಾನಾಪುರದಲ್ಲಿ ಬಿದ್ದಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣ. ಮಿಲಿಮೀಟರ್‌ನ ಸಾವಿರ ಭಾಗ ಮಾಡಿ ಎರಡು ಮೂರು ಭಾಗ ತೆಗೆದರೆ ಆಗುವಷ್ಟು. ಬೆಳಗಾವಿಯ ಸಾಸಿವೆ ಕಾಳು ಹೆದರಬೇಕಾಗಿಲ್ಲ.

ಎರಡು, ‘ಇಂದು ರಾತ್ರಿ 12:30ರಿಂದ 3:30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಡಿ’. ಇದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ವಯಸ್ಸು, ಆದರೂ ಇದರ ‘ಇಂದು ರಾತ್ರಿ’ ಮುಗಿದಿಲ್ಲ. ಕಾಸ್ಮಿಕ್ ಕಿರಣಗಳು ಹೆಚ್ಚಾಗಿ ಪ್ರೋಟಾನ್‌ಗಳು. ಗ್ಯಾಲಕ್ಸಿಯಿಂದ ಬರುವವಕ್ಕೆ ಮುಖ್ಯ ಮೂಲ ಎಂ95ರಲ್ಲಿ ಕಂಡಂಥ ಸೂಪರ್‌ನೋವಾಗಳ ಅವಶೇಷ. ಅವು ಹಗಲೂ ರಾತ್ರಿಯೂ ಬರುತ್ತಲೇ ಇವೆ, ವಾತಾವರಣ ಬಹುಪಾಲನ್ನು ಮೇಲೆಯೇ ತಡೆಯುತ್ತದೆ. ಮೊಬೈಲಿಗೂ ಇದಕ್ಕೂ ಸಂಬಂಧವಿಲ್ಲ. ರಾತ್ರಿ ಮೊಬೈಲ್ ದೂರ ಇಟ್ಟರೆ ನಿದ್ದೆ ಚೆನ್ನಾಗಿ ಬರುತ್ತದೆ, ಅದು ಬೇರೆ ವಿಷಯ.

ಮೂರನೆಯದು ಸ್ವಲ್ಪ ಜಾಣ ಫಾರ್ವರ್ಡ್: ‘ಗ್ಯಾಲಕ್ಸಿಯ ಕೇಂದ್ರ ಮೂಲಾ ನಕ್ಷತ್ರದಲ್ಲಿದೆ, ನಮ್ಮ ಪೂರ್ವಜರಿಗೆ ಇದು ಗೊತ್ತಿದ್ದರಿಂದಲೇ ಮೂಲ ಎಂದು ಹೆಸರಿಟ್ಟರು’. ಮೊದಲ ಅರ್ಧ ಸರಿ. ವೃಶ್ಚಿಕದ ಬಾಲದ ತುದಿಯಿಂದ, ಅಂದರೆ ಮೂಲಾ ನಕ್ಷತ್ರದಿಂದ, ಕೈ ಚಾಚಿ ಹಿಡಿದ ಮುಷ್ಟಿಯಷ್ಟು ಅಂತರದೊಳಗೇ ಗ್ಯಾಲಕ್ಸಿಯ ಕೇಂದ್ರ ಬರುತ್ತದೆ. ಎರಡನೆಯ ಅರ್ಧಕ್ಕೆ ಹೆಸರೊಂದನ್ನು ಬಿಟ್ಟು ಬೇರೆ ಆಧಾರವನ್ನು ಫಾರ್ವರ್ಡ್ ಕೊಡುವುದಿಲ್ಲ. ಇಪ್ಪತ್ತೇಳು ನಕ್ಷತ್ರಗಳು ಚಂದ್ರನ ಹಾದಿಯನ್ನು ಗುರುತಿಸಲು ಮಾಡಿಕೊಂಡ ವ್ಯವಸ್ಥೆ, ಮತ್ತು ಅದು ಬರಿಗಣ್ಣಿನ ಅದ್ಭುತ ಕೆಲಸ. ಕೇಂದ್ರವನ್ನಾದರೋ ಬರಿಗಣ್ಣಿಗೆ ಧೂಳು ಪೂರ್ತಿ ಮುಚ್ಚಿದೆ. ಕ್ಷೀರಪಥ ಎಂದರೆ ಒತ್ತೊತ್ತಾದ ನಕ್ಷತ್ರಗಳು ಎಂದು 1610ರಲ್ಲಿ ಗೆಲಿಲಿಯೊ ದೂರದರ್ಶಕದಿಂದ ಕಂಡರು. ಅದರ ಕೇಂದ್ರ ಧನು ರಾಶಿಯ ದಿಕ್ಕಿನಲ್ಲಿದೆ ಎಂದು 1918ರ ಹೊತ್ತಿಗೆ ಹಾರ್ಲೊ ಶಾಪ್ಲಿ ಲೆಕ್ಕ ಹಾಕಿದರು. ಪೂರ್ವಜರಿಗೆ ಗೌರವ ಕೊಡಲು ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಇಡಬೇಕಿಲ್ಲ. ಅಂದಹಾಗೆ, ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಮಾವನಿಗೆ ಆಗಿಬರುವುದಿಲ್ಲ ಎಂದು ಸಂಬಂಧ ಮುರಿಯುವವರು ಇನ್ನೂ ಇದ್ದಾರೆ. ಆ ನಕ್ಷತ್ರ ನೂರಾರು ಬೆಳಕಿನ ವರ್ಷ ದೂರದಲ್ಲಿದೆ, ಯಾರ ಮಾವನನ್ನೂ ಅದು ಬಲ್ಲುದಿಲ್ಲ.

ನಿಜವಾದ ಫೋಟೊ ಬೇಕಿದ್ದರೆ

ಚಿತ್ರ ಬಂದಾಗ ಪರೀಕ್ಷಿಸುವುದು ಕಷ್ಟವಲ್ಲ. ಗೂಗಲ್ ಲೆನ್ಸ್‌ಗೆ ಹಾಕಿ, ಮೂಲ ಪುಟದಲ್ಲಿ ಗ್ಯಾಲಕ್ಸಿಯ ಹೆಸರೋ ಸಂಖ್ಯೆಯೋ ಇದೆಯೇ, ಕಲಾವಿದರ ಕಲ್ಪನೆ ಎಂದು ಬರೆದಿದೆಯೇ ನೋಡಿ. ಎರಡೂ ಇಲ್ಲದ ಪುಟವನ್ನು ನಾವು ನಂಬುವುದಿಲ್ಲ.

ಆದರೆ ನಮ್ಮ ಗ್ಯಾಲಕ್ಸಿಯನ್ನು ಒಳಗಿನಿಂದ ನೀವೇ ಫೋಟೊ ತೆಗೆಯಬಹುದು, ಮತ್ತು ಇದಕ್ಕೆ ಖಾನಾಪುರ ತಾಲ್ಲೂಕು ಒಳ್ಳೆಯ ಜಾಗ. ಕಾರಣ ಸರಳ. ಗ್ಯಾಲಕ್ಸಿಯ ಕೇಂದ್ರ ಇಲ್ಲಿಂದ ದಕ್ಷಿಣ ಆಕಾಶದಲ್ಲಿ ಹೆಚ್ಚೆಂದರೆ 45 ಡಿಗ್ರಿ, ಅಂದರೆ ದಿಗಂತಕ್ಕೂ ನೆತ್ತಿಗೂ ಸರಿ ಅರ್ಧದಷ್ಟು ಎತ್ತರಕ್ಕೆ ಏರುತ್ತದೆ. ಬೆಳಗಾವಿಯ ದೀಪಗಳ ಪ್ರಭೆ ಉತ್ತರಕ್ಕೆ, ನಿಮ್ಮ ಬೆನ್ನ ಹಿಂದೆ ಉಳಿಯುತ್ತದೆ. ಮುಂದೆ ಇರುವುದು ಕಾಡು. ನಗರದೊಳಗೆ ನಿಂತರೆ ಬೀದಿದೀಪ, ಅಂಗಡಿಗಳ ಬೆಳಕು ಮೇಲಕ್ಕೆ ಚೆಲ್ಲಿ ಆಕಾಶವೇ ಬೂದಿಬಣ್ಣವಾಗಿರುತ್ತದೆ, ಕ್ಷೀರಪಥ ಅದರಲ್ಲಿ ಕರಗಿಹೋಗುತ್ತದೆ. ಹಳ್ಳಿಯಲ್ಲಿ ಹುಟ್ಟಿ ನಗರ ಸೇರಿದ ಅಜ್ಜ, ಅಜ್ಜಿಯರನ್ನು ಕೇಳಿ ನೋಡಿ, ಅಂಗಳದಲ್ಲಿ ಮಲಗಿ ಆಕಾಶಗಂಗೆ ನೋಡಿದ ನೆನಪು ಹೇಳುತ್ತಾರೆ. ಮೊಮ್ಮಕ್ಕಳು ಅದನ್ನು ಕಂಡಿರುವುದು ಫಾರ್ವರ್ಡ್‌ನಲ್ಲೇ.

ಜೂನ್, ಜುಲೈನಲ್ಲಿ ಕೇಂದ್ರ ನಡುರಾತ್ರಿ ಹೊತ್ತಿಗೆ ಅತಿ ಎತ್ತರದಲ್ಲಿರುತ್ತದೆ, ಆದರೆ ಖಾನಾಪುರದ ಮಳೆಯಲ್ಲಿ ಅದನ್ನು ಮರೆತುಬಿಡಿ. ಎರಡು ಹೊತ್ತು ಉಳಿಯುತ್ತವೆ. ಮಾರ್ಚ್ ಕೊನೆಯಿಂದ ಏಪ್ರಿಲ್ ಮುಗಿಯುವವರೆಗೆ ಬೆಳಗಿನ ಜಾವ ಮೂರೂವರೆಯಿಂದ ನಾಲ್ಕೂವರೆ, ಆಗ್ನೇಯದಿಂದ ದಕ್ಷಿಣದ ನಡುವೆ. ಅಥವಾ ಮಳೆ ಬಿಟ್ಟ ಅಕ್ಟೋಬರ್‌ನಲ್ಲಿ ಪೂರ್ತಿ ಕತ್ತಲಾದ ಮೇಲೆ, ಏಳೂವರೆ ಸುಮಾರಿಗೆ, ನೈಋತ್ಯದಲ್ಲಿ. ಅಮಾವಾಸ್ಯೆಯ ಹಿಂದುಮುಂದಿನ ನಾಲ್ಕೈದು ದಿನ ಆರಿಸಿಕೊಳ್ಳಿ. ಭೀಮಗಡ ಅಭಯಾರಣ್ಯದೊಳಗೆ ಹೋಗುವ ಸಾಹಸ ಬೇಡ, ಅದು ವನ್ಯಜೀವಿಗಳ ಜಾಗ. ಪರಿಚಯದವರ ಹೊಲ, ಊರ ಹೊರಗಿನ ಬಯಲು ಸಾಕು. ಮನೆಯವರಿಗೆ ಹೇಳಿ, ಇಬ್ಬರು ಮೂವರು ಸೇರಿ ಹೋಗಿ.

ತಲುಪಿದ ಮೇಲೆ ಇಪ್ಪತ್ತು ನಿಮಿಷ ಮೊಬೈಲ್ ಮುಟ್ಟಬೇಡಿ, ಕಣ್ಣು ಕತ್ತಲಿಗೆ ಹೊಂದಬೇಕು. ಮೊದಲು ಕೊಕ್ಕೆಯಂತೆ ಬಾಗಿದ ವೃಶ್ಚಿಕದ ಬಾಲ ಹುಡುಕಿ. ಅದರ ಎಡಕ್ಕೆ ಚಹಾದ ಕಿಟ್ಲಿಯ ಆಕಾರದಲ್ಲಿ ಧನು ರಾಶಿಯ ನಕ್ಷತ್ರಗಳು. ಕಿಟ್ಲಿಯ ಮೂತಿಯಿಂದ ಹಬೆ ಏಳುವ ಹಾಗೆ ಕಾಣುವ ಬೆಳ್ಳನೆಯ ಮಬ್ಬೇ ಕ್ಷೀರಪಥ. ಕೇಂದ್ರ ಇರುವುದು ಆ ಮೂತಿಗೂ ಬಾಲಕ್ಕೂ ನಡುವೆ, ಕಪ್ಪಾಗಿ ಕಾಣುವ ಧೂಳಿನ ಹಿಂದೆ. ಮೂತಿಯ ಪಕ್ಕದಲ್ಲೇ ಧೂಳು ತೆಳುವಾದ ಒಂದು ಕಿಂಡಿ ಇದೆ. 1940ರ ದಶಕದಲ್ಲಿ ವಾಲ್ಟರ್ ಬಾಡೆ ಅದರ ಮೂಲಕ ಒಳಭಾಗದ ನಕ್ಷತ್ರಗಳನ್ನು ಅಧ್ಯಯನ ಮಾಡಿದ್ದರಿಂದ ಅದಕ್ಕೆ ಬಾಡೆಯ ಕಿಟಕಿ ಎಂದೇ ಹೆಸರು. ಅಲ್ಲಿ ಸ್ವಲ್ಪ ಹೆಚ್ಚು ಬೆಳ್ಳಗೆ ಕಾಣುವ ಮಬ್ಬಿನಲ್ಲಿ ನಮ್ಮ ಗ್ಯಾಲಕ್ಸಿಯ ಆ ಪಟ್ಟಿಯ ಬೆಳಕೂ ಸೇರಿದೆ.

ಈಗ ಮೊಬೈಲನ್ನು ಟ್ರೈಪಾಡ್ ಮೇಲೋ ಕಲ್ಲಿನ ಮೇಲೋ ಅಲುಗದಂತೆ ನಿಲ್ಲಿಸಿ. ನೈಟ್ ಮೋಡ್ ಅಥವಾ ಪ್ರೊ ಮೋಡ್, ಎಕ್ಸ್‌ಪೋಶರ್ 15ರಿಂದ 30 ಸೆಕೆಂಡ್, ಫೋಕಸ್ ಅನಂತಕ್ಕೆ, ಫ್ಲ್ಯಾಶ್ ಆಫ್. ಬಟನ್ ಒತ್ತುವಾಗ ಅಲುಗುತ್ತದೆ, ಮೂರು ಸೆಕೆಂಡಿನ ಟೈಮರ್ ಇಡಿ. ಮೊದಲ ಒಂದೆರಡು ಕೆಡುತ್ತವೆ, ಮತ್ತೆ ತೆಗೆಯಿರಿ. ಗ್ರೂಪಿಗೆ ಹಾಕುವಾಗ ತೆಗೆದ ಊರು, ತಾರೀಖು, ಹೊತ್ತು ಬರೆಯಿರಿ. ಬಾಣದ ಗುರುತು ಬೇಕೇ ಬೇಕು ಅನಿಸಿದರೆ ಕಿಟ್ಲಿಯ ಮೂತಿಯ ಪಕ್ಕ ಹಾಕಿ.